ಮನೆ ಬಿಡುವ ಮುನ್ನ ಮಕ್ಕಳು ಕಲಿಯತಕ್ಕ ವಿದ್ಯೆ



ಜ್ಯೇಷ್ಠಮಾಸದಲ್ಲಿ ಶಾಲೆಗಳು ತೆರೆಯುವ ಕಾಲಕ್ಕೆ ನಾಡಿನ ಮಠಗಳ ವಿದ್ಯಾರ್ಥಿನಿಲಯಗಳ ಬಾಗಿಲಲ್ಲಿ ವರ್ಷವರ್ಷವೂ ಒಂದೇ ನೋಟವು ಕಾಣಬರುವುದು. ತಂದೆಯ ಹೆಗಲ ಮೇಲೆ ಟ್ರಂಕು, ತಾಯಿಯ ಕಂಕುಳಲ್ಲಿ ಹಾಸಿಗೆಯ ಸುರುಳಿ, ಬಾಲಕನ ಕೈಯಲ್ಲಿ ರೊಟ್ಟಿ ಚಟ್ನಿಪುಡಿಯ ಗಂಟು. ತಂದೆಯು ಮಗನ ಅಂಕಪಟ್ಟಿಯನ್ನು ಅಭಿಮಾನದಿಂದ ಬಿಚ್ಚಿ ತೋರಿಸುವನು. ಮೂರನೆಯ ದಿನ ಅದೇ ಬಾಲಕನು ನೀರಿನ ತೊಟ್ಟಿಯ ಬಳಿ ಸಾಬೂನು ಹಚ್ಚಿದ ಅಂಗಿಯನ್ನು ಹಿಡಿದು, ಮುಂದೇನು ಮಾಡಬೇಕೆಂಬುದನ್ನರಿಯದೆ ಕಣ್ಣೀರು ತುಂಬಿ ನಿಂತಿರುವನು. ಅವನು ಬುದ್ಧಿಹೀನನಲ್ಲ, ಆ ಕೆಲಸವನ್ನು ಮಾಡಲು ಮನೆಯಲ್ಲಿ ಯಾರೂ ಅವನನ್ನು ಬಿಟ್ಟಿಲ್ಲ, ಅಷ್ಟೆ. ಗಣಿತಕ್ಕೂ ವ್ಯಾಕರಣಕ್ಕೂ ಹೆದರದ ಹುಡುಗನು ಇಂಥ ಅಲ್ಪ ಕಷ್ಟಕ್ಕೆ ಸೋತು ಊರಿಗೆ ಹಿಂದಿರುಗಿ ವಿದ್ಯೆಯನ್ನೇ ಕಳೆದುಕೊಳ್ಳುವುದುಂಟು.

ಇದಕ್ಕೆ ಕಾರಣವು ಪ್ರೀತಿಯೇ ಎಂದರೆ ಆಶ್ಚರ್ಯವಾದೀತು. “ಬಿಡಪ್ಪಾ, ನೀನು ಓದ್ಕೋ, ನಾನು ಮಾಡ್ತೀನಿ” ಎಂದು ತಾಯಿಯು ಮಗನ ಕೈಯಿಂದ ಪೊರಕೆಯನ್ನು ತೆಗೆದುಕೊಳ್ಳುವಳು. ಬಡವರ ಮನೆಗಳಲ್ಲಿ ಈ ತೊಂದರೆಯು ಕಡಮೆ. ಅಲ್ಲಿ ಎಂಟು ವರ್ಷದ ಹುಡುಗಿಯು ತಮ್ಮನನ್ನು ಸೊಂಟದಲ್ಲಿಟ್ಟುಕೊಂಡೇ ಒಲೆಗೆ ಉರಿಯಿಡುವಳು. ಅದನ್ನು ಹೊಗಳುವುದೂ ತರವಲ್ಲ, ಏಕೆಂದರೆ ಆ ಕೂಸಿಗೆ ಶಾಲೆಯೇ ತಪ್ಪಿಹೋಗಿರುವುದು. ಹೊರೆಯನ್ನು ಹೊರಿಸುವುದು ಬೇರೆ, ಕೆಲಸವನ್ನು ಕಲಿಸುವುದು ಬೇರೆ.

ಮಹಾತ್ಮಾ ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿರುವ ಕೆಲವು ಸಂಗತಿಗಳು ಇಲ್ಲಿ ಸ್ಮರಣೀಯವಾಗಿವೆ. 1888ರ ಸೆಪ್ಟೆಂಬರಿನಲ್ಲಿ ಅವರು ಮುಂಬಯಿಯಿಂದ ಹಡಗನ್ನೇರಿದಾಗ ವಯಸ್ಸು ಹದಿನೆಂಟು. ಚೂರಿ, ಮುಳ್ಳುಚಮಚಗಳಿಂದ ಉಣ್ಣುವುದು ತಿಳಿಯದು. ಯಾವ ಪದಾರ್ಥದಲ್ಲಿ ಮಾಂಸವಿಲ್ಲವೆಂದು ಕೇಳಲು ಧೈರ್ಯವಿಲ್ಲ. ಆದ್ದರಿಂದ ಊಟದ ಮೇಜಿನ ಬಳಿಗೇ ಹೋಗದೆ, ಮನೆಯಿಂದ ತಂದ ಸಿಹಿತಿಂಡಿ ಹಣ್ಣುಗಳನ್ನೇ ಹೆಚ್ಚಾಗಿ ತಿನ್ನುತ್ತ ತಮ್ಮ ಕೋಣೆಯಲ್ಲಿ ದಿನಗಳೆದರು. ಅಡಿಗೆಗಿಂತಲೂ ಮೊದಲು ಕಲಿಯತಕ್ಕ ವಿದ್ಯೆಯೊಂದುಂಟೆಂಬುದು ಇದರಿಂದ ವಿದಿತವಾಗುವುದು. ಅದು ಬಾಯಿಬಿಟ್ಟು ಕೇಳುವ ವಿದ್ಯೆ. “ತಿಳಿಯದು, ದಯವಿಟ್ಟು ಹೇಳಿರಿ” ಎಂಬ ಮಾತನ್ನು ನಾಚದೆ ಆಡಬಲ್ಲ ಹುಡುಗನು ಎಲ್ಲಿಯೂ ಉಪವಾಸ ಬೀಳನು.

ಲಂಡನ್ನಿನಲ್ಲಿ ಆ ತರುಣನು ಬಂಡಿಯ ಬಾಡಿಗೆ, ಅಂಚೆಯ ಖರ್ಚುಗಳನ್ನು ಸಹ ಬಿಡದೆ ಕಾಸುಕಾಸಿಗೂ ಲೆಕ್ಕ ಬರೆದು, ರಾತ್ರಿ ಮಲಗುವ ಮುನ್ನ ಶಿಲ್ಕು ತಾಳೆ ನೋಡುತ್ತಿದ್ದನು. ಕಾಲಕ್ರಮದಲ್ಲಿ ಒಂದೇ ಕೋಣೆಯನ್ನು ಹಿಡಿದು ಬೆಳಗಿನ ಗಂಜಿಯನ್ನು ತಾನೇ ಬೇಯಿಸಿಕೊಂಡನು. ಮುಂದೆ ದಕ್ಷಿಣ ಆಫ್ರಿಕದಲ್ಲಿ ವಕೀಲರಾಗಿದ್ದಾಗ ಅಗಸಗೆಲಸವನ್ನು ಪುಸ್ತಕ ನೋಡಿ ಕಲಿತರು. ಮೊದಲ ದಿನ ಕೊರಳಪಟ್ಟಿಗೆ ಗಂಜಿಯು ಹೆಚ್ಚಾಯಿತು, ಇಸ್ತ್ರಿಯು ಸಾಕಷ್ಟು ಕಾಯಲಿಲ್ಲ. ನ್ಯಾಯಾಲಯದಲ್ಲಿ ಆ ಪಟ್ಟಿಯಿಂದ ಗಂಜಿಯು ಉದುರತೊಡಗಲು ಜೊತೆಯ ವಕೀಲರು ನಕ್ಕರು. ಗಾಂಧಿಯವರು ಒಗೆಯುವುದನ್ನು ಬಿಡಲಿಲ್ಲ. ನಗೆಗೀಡಾಗುವುದು ಮನೆಯ ಹಿತ್ತಿಲಲ್ಲಿ ಹತ್ತನೆಯ ವಯಸ್ಸಿಗೇ ಮುಗಿದರೆ ಎಷ್ಟು ಸುಲಭ!

ಹಣದ ವಿಷಯದಲ್ಲಿ ಇಂದಿನ ಮಕ್ಕಳ ಅಪಾಯವು ಹೆಚ್ಚಿನದು. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯೆಂದರೆ ಅಲ್ಪವೆಂದು ತೋರುವುದು. ಆ ಬಡ್ಡಿಯನ್ನು ಕಟ್ಟದೆ ಅಸಲಿಗೆ ಸೇರಿಸುತ್ತ ಹೋದರೆ 1,000 ರೂಪಾಯಿ ಸಾಲವು ಹನ್ನೆರಡು ತಿಂಗಳಲ್ಲಿ 1,425 ರೂಪಾಯಿಯನ್ನು ಮೀರುವುದು. ಚಕ್ರಬಡ್ಡಿಯ ಲೆಕ್ಕವು ಪಾಠಪುಸ್ತಕದಲ್ಲಿದೆ. ಸಾಲದ ಕಾಗದದಲ್ಲಿ ಅದನ್ನು ಗುರುತಿಸುವುದನ್ನು ತಂದೆಯೇ ಕಲಿಸಬೇಕು. ಮೊಬೈಲಿನಲ್ಲಿ ಹಣ ಕೊಡುವಾಗ ಪಿನ್ ಒತ್ತುವುದುಂಟು. ಹಣ ಪಡೆಯಲು ಪಿನ್ ಬೇಕೆಂದು ಹೇಳುವವನು ಮೋಸಗಾರನೇ ಸರಿ. ಓ.ಟಿ.ಪಿ. ಎಂಬ ಗುಪ್ತಸಂಖ್ಯೆಯನ್ನು ಗುರುವೆಂದು ಹೇಳಿಕೊಂಡು ಕೇಳಿದವನಿಗೂ ಹೇಳಬಾರದು. ಮೋಸವಾದಲ್ಲಿ ಅವಮಾನಕ್ಕೆ ಅಂಜಿ ಮುಚ್ಚಿಡದೆ 1930ಕ್ಕೆ ಒಡನೆಯೇ ಕರೆಮಾಡಬೇಕು.

ಪರಸ್ಥಳದಲ್ಲಿ ವಾಂತಿಭೇದಿಯಾದರೆ ಅಜ್ಜಿಯು ಹತ್ತಿರವಿರಳು. ಕಾಸಿ ಆರಿಸಿದ ಒಂದು ಲೀಟರು ನೀರಿಗೆ ಚಹದ ಚಮಚದಲ್ಲಿ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ ಗುಟುಕುಗುಟುಕಾಗಿ ಕುಡಿಯುತ್ತ, ತಡಮಾಡದೆ ವೈದ್ಯರನ್ನು ಕಾಣಬೇಕು. ಉಪ್ಪಿನ ಅಳತೆಯು ಹೆಚ್ಚಾಗಕೂಡದು. ಅಡಿಗೆಯ ಅನಿಲವು ಸೋರಿದ ವಾಸನೆ ಬಂದರೆ ದೀಪದ ಗುಂಡಿಯನ್ನು ಮುಟ್ಟದೆ, ಬಾಗಿಲು ಕಿಟಕಿಗಳನ್ನು ತೆರೆದು, ರೆಗ್ಯುಲೇಟರನ್ನು ಮುಚ್ಚಿ ಹೊರಬರಬೇಕೆಂಬುದನ್ನು ಬಾಯಿಪಾಠವಾಗಿಯಲ್ಲ, ಕೈಯಿಂದ ಮಾಡಿಸಿಯೇ ತೋರಿಸತಕ್ಕದ್ದು.

ಇನ್ನು ತಾಯಂದಿರಲ್ಲಿಯೂ ತಂದೆಗಳಲ್ಲಿಯೂ ಒಂದು ಬಿನ್ನಹ. ಗಂಡನ ಮನೆಗೆ ಹೋಗುವಳೆಂದು ಮಗಳಿಗೆ ಅಡಿಗೆಯನ್ನು ಕಲಿಸುವರು, ಮಗನಿಗೆ ಕಲಿಸರು. ಸಂತೆಗೂ ಬ್ಯಾಂಕಿಗೂ ಮಗನನ್ನು ಕರೆದೊಯ್ಯುವರು, ಮಗಳನ್ನು ಒಯ್ಯರು. ಇಬ್ಬರೂ ಅರ್ಧ ವಿದ್ಯೆಯಿಂದ ಹೊಸ್ತಿಲು ದಾಟುವರು. ಇಂದು ಹೆಣ್ಣುಮಕ್ಕಳು ಬೆಂಗಳೂರು, ಪುಣೆಗಳಲ್ಲಿ ಒಬ್ಬೊಬ್ಬರೇ ಇದ್ದು ದುಡಿಯುತ್ತಿರುವರು. ಗಂಡುಮಕ್ಕಳು ಹೋಟೆಲಿನ ಅನ್ನದಿಂದ ಹೊಟ್ಟೆಯನ್ನೂ ಸಂಬಳವನ್ನೂ ಕೆಡಿಸಿಕೊಳ್ಳುತ್ತಿರುವರು. ಶರಣರ ಕಾಯಕತತ್ತ್ವವನ್ನು ವೇದಿಕೆಯ ಮೇಲೆ ಕೊಂಡಾಡುವವರ ಮನೆಯಲ್ಲಿಯೇ ಉಂಡ ತಟ್ಟೆಯನ್ನು ಮಗನು ಎತ್ತದಿರುವುದು ನೋಡತಕ್ಕ ಸಂಗತಿಯಾಗಿದೆ.

ಬರುವ ಬೇಸಿಗೆಯ ರಜೆಯಲ್ಲಿ ಒಂದು ವಾರದ ಮಟ್ಟಿಗೆ ಸಂತೆಯ ಚೀಲವನ್ನೂ ಹಣವನ್ನೂ ಮಕ್ಕಳ ವಶಕ್ಕೆ ಕೊಟ್ಟು ನೋಡಬಹುದು. ಅವರು ಕೊಳೆತ ಬದನೆಕಾಯಿಯನ್ನು ತಂದಾರು, ಗುರುವಾರಕ್ಕೇ ಹಣವನ್ನು ಮುಗಿಸಿಯಾರು. ಹಾಗಾದರೆ ಹಿರಿಯರು ಗುಟ್ಟಾಗಿ ಮತ್ತಷ್ಟು ಹಣ ಕೊಡದೆ, ಉಳಿದ ದಿನಗಳಲ್ಲಿ ಮಕ್ಕಳ ಜೊತೆಗೆ ಕುಳಿತು ಗಂಜಿ, ಉಪ್ಪಿನಕಾಯಿಯನ್ನು ಉಂಡುಬಿಡಲಿ.