ಕೊಡದೆ ಉಳಿದ ಆಶೀರ್ವಾದ



ದುಡಿದ ಹಣದಲ್ಲಿ ಒಂದು ಪಾಲು ತೆಗೆದಿಟ್ಟು, ಇದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ನಾಲ್ಕು ಒಳ್ಳೆಯ ಮಾತು ನಡೆಯಲಿ ಎಂದು ಹೇಳಿ ಹೋದವರ ನಂಬಿಕೆಯಿಂದ ನಾವು ಇವತ್ತು ಇಲ್ಲಿ ಕೂಡಿದ್ದೇವೆ. ದತ್ತಿ ಇಟ್ಟವರು ಬಂದು ಲೆಕ್ಕ ಕೇಳುವುದಿಲ್ಲ. ಕೇಳುವವರಿಲ್ಲದ ಕಡೆ ನಡೆಯುವ ಕೆಲಸವಿದು. ನಮ್ಮ ಸೇಡಂ, ನಾಗಾವಿ ಕಡೆಯ ಕಲ್ಯಾಣ ಚಾಲುಕ್ಯರ ಕಾಲದ ದಾನಶಾಸನಗಳನ್ನು ನೋಡಿದವರಿಗೆ ಗೊತ್ತು: ಭೂಮಿಯ ಎಲ್ಲೆ, ಮತ್ತರು ಎಂಬ ಅಳತೆಯಲ್ಲಿ ನೆಲದ ಲೆಕ್ಕ, ಪಡೆದವರ ಹೆಸರು ಎಲ್ಲ ಮುಗಿದ ಮೇಲೆ ಕೊನೆಗೆ ಒಂದು ಶಾಪವಾಕ್ಯ ಇರುತ್ತದೆ. ಈ ಧರ್ಮವನ್ನು ಕಾಪಾಡಿದವರಿಗೆ ವಾರಣಾಸಿಯಲ್ಲಿ ಗೋವುಗಳನ್ನು ದಾನ ಕೊಟ್ಟ ಫಲ, ಅಳಿದವರಿಗೆ ಅದೇ ಗೋವುಗಳನ್ನು ಕೊಂದ ಪಾಪ. ಸಾವಿರ ವರ್ಷದ ಹಿಂದೆಯೂ ಕೊಡುವವರಿಗೆ ಅಂಜಿಕೆ ಇದ್ದದ್ದು ಮುಂದೆ ಕಾಯುವವರ ನಿಯತ್ತಿನ ಬಗ್ಗೆಯೇ. ಅದಕ್ಕೇ ನಿಯತ್ತಿನ ಬಗ್ಗೆ ಮಾತಾಡಲು ದತ್ತಿ ಉಪನ್ಯಾಸಕ್ಕಿಂತ ತಕ್ಕ ಜಾಗ ಇಲ್ಲವೆಂದು ನನಗನಿಸಿತು.

ನಾನು ಹೇಳಬೇಕೆಂದಿರುವುದು ಒಂದೇ ವಿಷಯ. ಮನುಷ್ಯನ ಪ್ರಾಮಾಣಿಕತೆಯ ಪರೀಕ್ಷೆ ದೊಡ್ಡ ಲೂಟಿಯ ಮುಂದೆ ಆಗುವುದು ಬಹಳ ಕಡಿಮೆ. ಕಳ್ಳತನ ಮಾಡೆಂದು ನಮ್ಮನ್ನು ಯಾರೂ ಬಂದು ಕೇಳುವುದಿಲ್ಲ. ಕೇಳುವುದು ಸಣ್ಣದನ್ನು: ಒಂದು ಸಹಿ, ಒಂದು ಹೌದು, ಅರ್ಧ ಗಳಿಗೆಯ ಸುಮ್ಮನಿರುವಿಕೆ. ಕೇಳುವವರೂ ದುಷ್ಟರೇ ಆಗಿರಬೇಕಿಲ್ಲ. ಬೇಕಾದವರೇ ಆಗಿರುತ್ತಾರೆ, ಉಪಕಾರ ಮಾಡಿದವರಾಗಿರುತ್ತಾರೆ. ಅಂಥ ಒಂದು ಕೇಳಿಕೆ ನಮ್ಮ ಊರಿನ ಕೋಟೆಯಿಂದಲೇ ಒಮ್ಮೆ ಹೊರಟಿತ್ತು.

1347ರಲ್ಲಿ ಬಹಮನಿ ರಾಜ್ಯ ಹುಟ್ಟಿದಾಗ ಕಲಬುರಗಿ ರಾಜಧಾನಿಯಾಯಿತು. ಹಳೆಯ ಕೋಟೆ ಹಿಗ್ಗಿತು, ಕಂದಕ ತೋಡಿದರು, 1367ರಲ್ಲಿ ಬಯಲು ಅಂಗಳವೇ ಇಲ್ಲದ, ಪೂರ್ತಿ ಮಾಡು ಹೊದ್ದ ಆ ಅಪರೂಪದ ಜಾಮಿ ಮಸೀದಿ ಎದ್ದಿತು. ಶತಮಾನ ತಿರುಗುವ ಹೊತ್ತಿಗೆ ಫಿರೋಜ್ ಶಹಾ ಗದ್ದುಗೆಯ ಮೇಲಿದ್ದ. ಆತ ಸಾಮಾನ್ಯ ಅರಸನಲ್ಲ. ಹಲವು ಭಾಷೆ ಬಲ್ಲವನು, ಖಗೋಳಶಾಸ್ತ್ರದಲ್ಲಿ ಆಸಕ್ತಿಯಿದ್ದವನು, ಭೀಮೆಯ ದಂಡೆಯಲ್ಲಿ ಫಿರೋಜಾಬಾದ್ ಎಂಬ ನಗರವನ್ನೇ ಕಟ್ಟಿಸಿದವನು. ದಿಲ್ಲಿಯ ಮೇಲೆ ತೈಮೂರನ ದಾಳಿಯ ಸುದ್ದಿ ಬಂದ ಕಾಲದಲ್ಲಿ ಆ ಊರು ಬಿಟ್ಟು, ಗುಜರಾತು, ದೌಲತಾಬಾದ್ ದಾಟಿ ದಕ್ಷಿಣಕ್ಕೆ ಬಂದ ಮುದಿ ಸೂಫಿಯೊಬ್ಬರನ್ನು ಆತ ಆದರದಿಂದ ಬರಮಾಡಿಕೊಂಡ. ನಾವೆಲ್ಲ ಖಾಜಾ ಬಂದೇನವಾಜ್ ಎಂದು ಕರೆಯುವ ಸಯ್ಯದ್ ಮುಹಮ್ಮದ್ ಗೇಸುದರಾಜ್ ಅವರು. ಹುಟ್ಟಿದ್ದು 1321ರಲ್ಲಿ, ಅಂದರೆ ಕಲಬುರಗಿಗೆ ಕಾಲಿಟ್ಟಾಗ ಎಂಬತ್ತರ ಆಸುಪಾಸು. ಕೋಟೆಯ ಮಗ್ಗುಲಲ್ಲೇ ಅವರ ಖಾನಕಾ, ಅಂದರೆ ಸೂಫಿ ಮಠ, ಆಯಿತು. ಜನ ಸೇರತೊಡಗಿದರು.

ಅರಸನಿಗೂ ಫಕೀರನಿಗೂ ನಡುವೆ ಬರಬರುತ್ತ ಬಿಸಿ ಕಡಿಮೆಯಾಯಿತು. ವಿದ್ಯೆಯಲ್ಲಿ ತನ್ನ ಎತ್ತರಕ್ಕೆ ಈ ಹಿರಿಯರು ಬರುವುದಿಲ್ಲವೆಂದು ಫಿರೋಜನಿಗೆ ಅನಿಸಿತಂತೆ. ಅರಸನ ತಮ್ಮ ಅಹ್ಮದನಿಗೆ ಮಾತ್ರ ಅವರಲ್ಲಿ ಅಪಾರ ಭಕ್ತಿ. 1415ರ ಸುಮಾರಿಗೆ ಫಿರೋಜ್ ತನ್ನ ಮಗ ಹಸನ್ ಖಾನನನ್ನು ಉತ್ತರಾಧಿಕಾರಿ ಎಂದು ಸಾರಿ, ಹುಡುಗನಿಗೆ ಆಶೀರ್ವಾದ ಬೇಕೆಂದು ಖಾಜಾರ ಹತ್ತಿರ ಹೇಳಿ ಕಳಿಸಿದ. ಇದನ್ನು ಬರೆದಿಟ್ಟವನು ಸುಮಾರು ಇನ್ನೂರು ವರ್ಷದ ಮೇಲೆ ಬಿಜಾಪುರದಲ್ಲಿದ್ದ ಇತಿಹಾಸಕಾರ ಫೆರಿಷ್ತಾ. ಖಾಜಾರ ಮೊದಲ ಉತ್ತರ ವಿನಯದ್ದು: ಅರಸನೇ ಆರಿಸಿದವನಿಗೆ ಬಡವನ ಹರಕೆ ಯಾಕೆ ಬೇಕು ಎಂಬ ಅರ್ಥದ್ದು. ಜಾಣನಾದವನು ಅಲ್ಲಿಗೇ ಬಿಡಬೇಕಿತ್ತು. ಅರಸ ಬಿಡಲಿಲ್ಲ, ಮತ್ತೆ ಹೇಳಿ ಕಳಿಸಿದ. ಆಗ ಖಾಜಾ ಇದ್ದದ್ದನ್ನು ಇದ್ದಂತೆ ಹೇಳಿದರು. ರಾಜ್ಯ ಅಹ್ಮದನ ಪಾಲಿಗೆ ಬರೆದಿದೆ, ಬೇರೆಯವರಿಗೆ ಹರಸಿ ಫಲವಿಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ. ಅರಸ ಕೇಳಿದ್ದು ಎಷ್ಟು? ಹುಡುಗನ ತಲೆಯ ಮೇಲೆ ಒಮ್ಮೆ ಕೈ ಇಡುವುದು. ಹೊನ್ನು ಖರ್ಚಾಗುತ್ತಿರಲಿಲ್ಲ, ಯಾರ ತಲೆಯೂ ಹೋಗುತ್ತಿರಲಿಲ್ಲ. ತೊಂಬತ್ತು ದಾಟಿದ ಜೀವ, ಉಣ್ಣುವ ಅನ್ನ ಅರಸನ ರಾಜ್ಯದ್ದು, ಇರುವ ಮನೆ ಕೋಟೆಯ ನೆರಳಿನಲ್ಲಿ. ಬಾಯಲ್ಲಿ ಒಂದು ಹರಕೆ ಅಂದು, ಮನಸ್ಸಿನಲ್ಲಿ ಬೇರೆ ಇಟ್ಟುಕೊಂಡಿದ್ದರೆ ಕಂಡುಹಿಡಿಯುವವರು ಯಾರೂ ಇರಲಿಲ್ಲ. ಆದರೆ ಅವರನ್ನು ನಂಬಿದ್ದ ಜನ ಅವರ ಕೈಯನ್ನು ನೋಡಿ ತಲೆ ಬಾಗುತ್ತಿದ್ದರು. ಆ ಕೈಗೆ ಬೆಲೆ ಬಂದದ್ದೇ ಅದು ತನಗೆ ನಿಜವೆನಿಸದ ಕಡೆ ಏಳುವುದಿಲ್ಲ ಎಂಬುದರಿಂದ.

ಅರಸನಿಗೆ ಗಾಬರಿಯಾಯಿತು. ಖಾನಕಾ ಅರಮನೆಗೆ ತೀರ ಹತ್ತಿರ ಇದೆ, ನೆರೆಯುವ ಮುರೀದರ, ಅಂದರೆ ಶಿಷ್ಯರ, ಗುಂಪಿನಿಂದ ಊರಿನ ಶಾಂತಿಗೆ ಭಂಗ ಎಂಬ ನೆಪ ಹೂಡಿ, ಜಾಗ ಬಿಡಿ ಎಂದು ಆಜ್ಞೆ ಮಾಡಿದ. ಮುಂದಿನದು ನನಗೆ ಇಡೀ ಪ್ರಸಂಗದಲ್ಲಿ ಬಹಳ ದೊಡ್ಡದಾಗಿ ಕಾಣುತ್ತದೆ. ಖಾಜಾ ಜಾಗ ಬಿಟ್ಟರು. ಮುರೀದರನ್ನು ಕೋಟೆಯ ಬಾಗಿಲಿಗೆ ಕರೆದೊಯ್ಯಲಿಲ್ಲ, ಅರಸನ ಮೇಲೆ ಜನರನ್ನು ಎತ್ತಿಕಟ್ಟಲಿಲ್ಲ. ಊರ ಹೊರಗೆ, ಇವತ್ತು ದರ್ಗಾ ಇರುವ ಕಡೆ ಹೋಗಿ ಉಳಿದರು. ಅರಸನಿಗೆ ಜಾಗದ ಮೇಲೆ ಅಧಿಕಾರವಿತ್ತು, ಕೊಟ್ಟರು. ಮಾತಿನ ಮೇಲೆ ಇರಲಿಲ್ಲ, ಕೊಡಲಿಲ್ಲ. ಇವೆರಡರ ನಡುವಿನ ಗೆರೆಯನ್ನು ಇಷ್ಟು ಸ್ಪಷ್ಟವಾಗಿ ಎಳೆದ ಇನ್ನೊಂದು ಪ್ರಸಂಗ ನಮ್ಮ ಭಾಗದ ಇತಿಹಾಸದಲ್ಲಿ ನನಗೆ ಕಂಡಿಲ್ಲ. ಸತ್ಯ ಹೇಳುತ್ತೇನೆಂದು ಹೊರಡುವ ಅನೇಕರು ಸಿಟ್ಟನ್ನೂ ಜೊತೆಗೆ ಕಟ್ಟಿಕೊಂಡು ಹೊರಡುತ್ತಾರೆ. ಆಮೇಲೆ ಜನಕ್ಕೆ ಸಿಟ್ಟು ನೆನಪಿರುತ್ತದೆ, ಸತ್ಯ ಮರೆತುಹೋಗುತ್ತದೆ.

ಇದಕ್ಕೆ ಒಂದು ಆಕ್ಷೇಪಣೆ ಇದೆ. ಭಕ್ತಿಯಿದ್ದ ತಮ್ಮನ ಪರ ವಹಿಸಿದರು, ಅದು ರಾಜಕೀಯವಲ್ಲದೆ ಇನ್ನೇನು ಎಂದು ಕೇಳಬಹುದು. 1422ರಲ್ಲಿ ಅಹ್ಮದ್ ನಿಜವಾಗಿಯೂ ಗದ್ದುಗೆ ಏರಿದ, ಖಾಜಾರ ಮನೆತನಕ್ಕೆ ಉಂಬಳಿಯನ್ನೂ ಕೊಟ್ಟ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಾಲದ ಲೆಕ್ಕ ಹಾಕಿ ನೋಡಿ. ಫಿರೋಜನ ದೆಸೆ ತಿರುಗಿದ್ದು ವಿಜಯನಗರದ ಎದುರು ಪಾನಗಲ್ಲಿನಲ್ಲಿ ಸೋತ ಮೇಲೆ, ಅಂದರೆ ಈ ನಿರಾಕರಣೆಯಾಗಿ ವರ್ಷಗಳು ಕಳೆದ ನಂತರ. ಹರಕೆ ನಿರಾಕರಿಸಿದ ದಿನ ಆತ ಪೂರ್ಣ ಬಲದಲ್ಲಿದ್ದ ಅರಸ. ಅಹ್ಮದ್ ಪಟ್ಟಕ್ಕೆ ಬಂದ ವರ್ಷವೇ ಖಾಜಾ ತೀರಿಕೊಂಡರು. ಲಾಭಕ್ಕಾಗಿ ಲೆಕ್ಕ ಹಾಕುವವರು ತೊಂಬತ್ತರ ಮೇಲೆ ಇಂಥ ಲೆಕ್ಕ ಹಾಕುವುದಿಲ್ಲ.

ಈಗ ಅದೇ ಊರಿಗೆ, ನಮ್ಮ ಕಾಲಕ್ಕೆ ಬರುತ್ತೇನೆ. 2021ರ ಅಕ್ಟೋಬರ್ 3ರಂದು ರಾಜ್ಯದಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಐವತ್ತು ಸಾವಿರಕ್ಕೂ ಹೆಚ್ಚು ಹುಡುಗರು, ಹುಡುಗಿಯರು ಬರೆದರು. ಆಯ್ಕೆ ಪಟ್ಟಿ ಹೊರಬಿದ್ದ ಮೇಲೆ ಗುಸುಗುಸು ಎದ್ದಿತು. ತನಿಖೆ ಶುರುವಾದಾಗ ನಮ್ಮ ಕಲಬುರಗಿಯ ಪರೀಕ್ಷಾ ಕೇಂದ್ರವೊಂದರ ಹೆಸರು ಇಡೀ ನಾಡಿಗೆ ಗೊತ್ತಾಯಿತು. ಒಎಂಆರ್ ಹಾಳೆಗೆ ಒಂದು ಕಾರ್ಬನ್ ಪ್ರತಿ ಇರುತ್ತದೆ, ಅದು ಅಭ್ಯರ್ಥಿಯ ಕೈಯಲ್ಲಿ ಉಳಿಯುತ್ತದೆ. ಕಾರ್ಬನ್ ಪ್ರತಿಯಲ್ಲಿ ಕೆಲವೇ ವೃತ್ತಗಳು ತುಂಬಿದ್ದವು, ಇಲಾಖೆಗೆ ಹೋದ ಮೂಲ ಹಾಳೆಯಲ್ಲಿ ಸರಿಯುತ್ತರಗಳು ತುಂಬಿ ಬಂದಿದ್ದವು. ಖಾಲಿ ಬಿಟ್ಟ ಜಾಗವನ್ನು ಪರೀಕ್ಷೆಯ ನಂತರ ಬೇರೆ ಕೈಗಳು ತುಂಬಿದವು ಎಂಬುದು ತನಿಖೆಯ ಆರೋಪ. 2022ರ ಏಪ್ರಿಲ್‌ನಲ್ಲಿ ಸರ್ಕಾರ ಇಡೀ ಪರೀಕ್ಷೆಯನ್ನೇ ರದ್ದು ಮಾಡಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ.

ಹಣ ಕೊಟ್ಟವರು, ತೆಗೆದುಕೊಂಡವರ ವಿಚಾರವನ್ನು ನ್ಯಾಯಾಲಯ ನೋಡಿಕೊಳ್ಳುತ್ತದೆ. ನನ್ನ ಮನಸ್ಸು ಹೋಗುವುದು ಕೋಣೆಯ ಮೇಲ್ವಿಚಾರಕರ ಕಡೆಗೆ. ಇಂಥ ಆರೋಪಗಳಲ್ಲಿ ಕೊನೆಯ ಕೈ ಅವರದೇ ಆಗಿರುತ್ತದೆ. ಖಾಸಗಿ ಶಾಲೆಯ ಸಣ್ಣ ಪಗಾರದ ಶಿಕ್ಷಕಿಯೊಬ್ಬಳನ್ನು ಊಹಿಸಿಕೊಳ್ಳಿ. ನೌಕರಿ ಕೊಟ್ಟವರೇ ಬಂದು, ಬಾಗಿಲು ಹಾಕಿ, ಒಂದು ಹಾಳೆ ಮುಂದಿಟ್ಟು ನಿಂತಾಗ ಅವಳ ಸ್ಥಿತಿ ಏನು? ಅವಳಿಗೆ ಕೇಳಿದ್ದೂ ಸಣ್ಣದೇ, ಪೆನ್ನಿನಿಂದ ಒಂದಷ್ಟು ವೃತ್ತ ತುಂಬುವುದು. ಫಿರೋಜನ ಕೋಟೆಯಿಂದ ಬಂದ ಕೇಳಿಕೆಯ ಜಾತಿಯದ್ದೇ ಇದು. ಆದರೆ ಖಾಜಾರ ಹಿಂದೆ ಎಂಬತ್ತು ವರ್ಷಗಳ ಸಾಧನೆ ಇತ್ತು, ದೊರೆಗಳ ಬಾಗಿಲಿಗೆ ಹೋಗಬಾರದೆಂಬ ಚಿಶ್ತಿ ಗುರುಪರಂಪರೆ ಇತ್ತು. ಈ ಹುಡುಗಿಯ ಹಿಂದೆ ನಾವು ಏನನ್ನು ನಿಲ್ಲಿಸಿದ್ದೇವೆ? ತಪ್ಪಿಗೆ ಶಿಕ್ಷೆಯಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂಟಿ ಮನುಷ್ಯರ ಎದೆಗಾರಿಕೆಯ ಮೇಲೆ ಇಡೀ ಭಾರ ಹೇರಿ ಸಮಾಜ ಕೈ ತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಅಂಥ ಬಾಗಿಲಿನ ಹೊರಗೆ ನಿಂತವರು, ಕಂಡೂ ಸುಮ್ಮನಿದ್ದವರೂ ಇರುತ್ತಾರೆ. ಅವರ ಬಗ್ಗೆ ನಮ್ಮ ಜಿಲ್ಲೆಯವನೇ ಆದ, ಮರತೂರಿನ ವಿಜ್ಞಾನೇಶ್ವರ ಹನ್ನೊಂದು-ಹನ್ನೆರಡನೆಯ ಶತಮಾನದಲ್ಲೇ ವ್ಯಾಖ್ಯಾನ ಬರೆದಿದ್ದಾನೆ. ಆತನ ಮಿತಾಕ್ಷರಕ್ಕೆ ಆಧಾರವಾದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ, ಗೊತ್ತಿದ್ದೂ ಸಾಕ್ಷಿ ನುಡಿಯದವನಿಗೆ ಸುಳ್ಳು ಸಾಕ್ಷಿ ಹೇಳಿದವನಷ್ಟೇ ಪಾಪ, ಅಷ್ಟೇ ದಂಡ. ಇಷ್ಟು ಕಟ್ಟುನಿಟ್ಟಿನ ಮಾತು ನಮ್ಮ ಮಣ್ಣಿನಲ್ಲಿ ಓದಿಸಿಕೊಂಡದ್ದು ಉಂಟು.

ಒಬ್ಬರ ನಿಯತ್ತು ಎಲ್ಲರದೂ ಹೇಗೆ ಆಗುತ್ತದೆಂದು ನೋಡಲು ಕಲಬುರಗಿಯಿಂದ ಹುಮನಾಬಾದ್ ಕಡೆ ಹೊರಡಿ, ಕಮಲಾಪುರ ಸಿಗುತ್ತದೆ. ರಸ್ತೆ ಬದಿಯಲ್ಲಿ ಕೆಂಪು ಬಾಳೆಹಣ್ಣಿನ ಗೊನೆ ತೂಗುಹಾಕಿರುತ್ತಾರೆ. ದಪ್ಪ ಸಿಪ್ಪೆ, ಕಂದುಗೆಂಪು ಬಣ್ಣ, ಸುಲಿದರೆ ಒಳಗೆ ಕೆನೆಬಣ್ಣದ ತಿರುಳು. ಬೇರೆ ಬಾಳೆಗಿಂತ ಈ ಬೆಳೆ ಕೈಗೆ ಬರಲು ಹೆಚ್ಚು ತಿಂಗಳು ಬೇಕು, ರೈತ ಅಷ್ಟು ದಿನ ಕಾಯಬೇಕು. ಆ ಹಣ್ಣಿಗೆ ಭೌಗೋಳಿಕ ಗುರುತು ಸಿಕ್ಕಿದೆ. ನಮ್ಮ ತೊಗರಿಬೇಳೆಗೆ 2019ರಲ್ಲಿ ಸಿಕ್ಕಿತು. ಈ ಗುರುತಿನ ಅರ್ಥ, ಒಂದು ಸೀಮೆಯ ರೈತರೆಲ್ಲ ಕೂಡಿ ಒಂದೇ ಹೆಸರಿನಡಿ ಮಾತು ಕೊಟ್ಟಿದ್ದಾರೆ. ನೆಹರು ಗಂಜಿನ ಕಾಳಿನ ಪೇಟೆಯಲ್ಲಿ ಒಬ್ಬ ಚೀಲದ ಬಾಯಿಗೆ ಒಳ್ಳೆಯ ಕಾಳು ಹಾಕಿ ಅಡಿಗೆ ಜೊಳ್ಳು ತುಂಬಿದರೆ, ಬೇರೆ ಎಲ್ಲಿಯದೋ ಬೇಳೆಗೆ ಕಲಬುರಗಿಯ ಚೀಟಿ ಅಂಟಿಸಿದರೆ, ಪೆಟ್ಟು ಬೀಳುವುದು ಚಿತ್ತಾಪುರದ, ಆಳಂದದ, ಜೇವರ್ಗಿಯ ಎಲ್ಲ ಒಕ್ಕಲಿಗರಿಗೆ. ಪ್ರಾಮಾಣಿಕತೆ ನನ್ನ ಖಾಸಗಿ ವಿಷಯ ಎನ್ನುವವರಿಗೆ ಗಂಜಿನ ಹಮಾಲನೂ ಉತ್ತರ ಹೇಳಬಲ್ಲ.

ಆ ಕಡೆಗೇ ಮುಂದೆ ಹೋದರೆ ಕಲ್ಯಾಣ. ಈಗಿನ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಆ ಊರಿಗೆ ಹೋಗಿ ನೆಲೆಸಿದ ಗಂಡಹೆಂಡತಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆರಿಸಿ ತರುವುದು ಮಾರಯ್ಯನ ಕಾಯಕ. ಒಂದು ದಿನ ಬಸವಣ್ಣ ಪರೀಕ್ಷೆಗೆಂದೇ ಹೆಚ್ಚು ಅಕ್ಕಿ ಚೆಲ್ಲಿಸಿದ, ಮಾರಯ್ಯ ಅದನ್ನೆಲ್ಲ ಆರಿಸಿ ಉಡಿ ತುಂಬಿಕೊಂಡು ಬಂದ ಎಂದು ಕಥೆ. ಲಕ್ಕಮ್ಮ ನೋಡಿದಳು. ದಿನ ಬರುವಷ್ಟಲ್ಲ ಇದು, ಎಲ್ಲಿಂದ ತಂದೆಯೋ ಅಲ್ಲಿಗೇ ಒಯ್ದು ಸುರಿದು ಬಾ ಎಂದಳು.

ಗಮನಿಸಿ, ಆ ಅಕ್ಕಿ ಕದ್ದದ್ದಲ್ಲ. ನೆಲಕ್ಕೆ ಬಿದ್ದದ್ದು, ಯಾರಿಗೂ ಬೇಡವೆಂದು ಬಿಟ್ಟದ್ದು. ಯಾವ ಕಾಯಿದೆಯಲ್ಲೂ ಅದು ಅಪರಾಧವಲ್ಲ. ಮಾರಯ್ಯನೂ ಲೋಭಿಯಲ್ಲ, ಶರಣರ ನಡುವೆ ಹೆಸರಾದವನು. ಅಂಥವನಿಗೂ ಅಂಗಳದಲ್ಲಿ ಬಗ್ಗಿ ಆರಿಸುವಾಗ ಎಷ್ಟಕ್ಕೆ ನಿಲ್ಲಿಸಬೇಕೆಂದು ತಿಳಿಯಲಿಲ್ಲ. ತಿಳಿದದ್ದು ಮನೆಯಲ್ಲಿ ಮೊರ ಹಿಡಿದು ಕೂತ ಹೆಂಗಸಿಗೆ, ಅಕ್ಕಿಯ ತೂಕ ಕೈಗೆ ಗೊತ್ತಿದ್ದವಳಿಗೆ. ಮನೆಯಲ್ಲಿ ಬಡತನ ಇತ್ತು, ಅದನ್ನು ಮರೆಯಬಾರದು. ನಾಳೆಗಾಯಿತು ಎಂದು ಒಳಗಿಟ್ಟಿದ್ದರೆ ಆಕೆಯನ್ನು ತಪ್ಪುಗಾರಳೆಂದು ಯಾರೂ ಅನ್ನುತ್ತಿರಲಿಲ್ಲ. ಮಾರಯ್ಯನೂ ಎದುರಾಡದೆ ತಿರುಗಿ ಹೋದ. ಹೆಂಡತಿ ತಿದ್ದಿದಳೆಂದು ಸಿಟ್ಟಾಗದಿರುವುದು ಆತನ ದೊಡ್ಡತನ. 

ಖಾಜಾ ಒಬ್ಬರೇ ನಿಂತರು. ಎಲ್ಲರಿಗೂ ಅದು ಆಗದು. ಮಾರಯ್ಯನಂತೆ ನಮಗೆ ಮನೆಯಲ್ಲಿ ಒಬ್ಬರು ಬೇಕು. ನಮ್ಮ ಮನೆಗಳಲ್ಲಿ ಈಗ ನಡೆಯುವ ಮಾತು ಯಾವುದು? ಹೆಣ್ಣು ನೋಡಲು ಬೀಗರು ಬಂದಾಗ, ಹುಡುಗನಿಗೆ ಸರ್ಕಾರಿ ನೌಕರಿ ಅಂದ ಕೂಡಲೆ, ಚಹಾದ ಬಟ್ಟಲು ಕೆಳಗಿಡುವ ಮೊದಲೇ ಯಾರಾದರೂ ಹಿರಿಯರು ಕೇಳುತ್ತಾರೆ: "ಪಗಾರ ಆಯ್ತು, ಮ್ಯಾಲಿಂದು ಎಷ್ಟ್ ಬರ್ತದ?" ಕೇಳಿದವರು ಕೆಟ್ಟವರಲ್ಲ, ಮಗಳು ಸುಖವಾಗಿರಲಿ ಎಂಬ ಅಕ್ಕರೆ ಅವರದು. ಆದರೆ ಒಳಗಿನ ಕೋಣೆಯಲ್ಲಿ ಕೂತ ಮಗಳ ಕಿವಿಗೆ ಆ ಪ್ರಶ್ನೆ ಬೀಳುತ್ತದೆ, ನಾಳೆ ಅವಳೂ ಒಂದು ಮನೆಯ ಲಕ್ಕಮ್ಮ ಆಗಬೇಕಾದವಳು. ಹುಡುಗನ ಕಿವಿಗೂ ಬೀಳುತ್ತದೆ. ಆ ಹುಡುಗ ಮರುವಾರ ಕಚೇರಿಗೆ ಹೋದಾಗ, ಮೇಜಿನ ಆಚೆಗೆ ಪಹಣಿಯ ತಿದ್ದುಪಡಿಗೆಂದು ಚಿತ್ತಾಪುರದಿಂದ ಬಸ್ಸು ಹತ್ತಿ ಬಂದ ರೈತನೊಬ್ಬ ಅರ್ಜಿ ಹಿಡಿದು ನಿಂತಿರುತ್ತಾನೆ.