ಮೂಳೆ ಮುರಿದಾಗ ಮೊದಲು ಪರೀಕ್ಷೆ, ಆಮೇಲೆ ಕಟ್ಟು



ಹುಡುಗ ಮಾವಿನ ಮರದಿಂದ ಬಿದ್ದು ಮುಂಗೈ ಊದಿಕೊಂಡರೆ, ಮುರಿದಿದೆಯೋ ಉಳುಕಿದೆಯೋ ಕಣ್ಣಿಗೆ ತಿಳಿಯದು. ತಿಳಿಯದೆ ಬಿಗಿಯಾಗಿ ದಬ್ಬೆ ಕಟ್ಟಿಸಿದರೆ ರಕ್ತದ ಓಡಾಟ ನಿಂತು ಕೈಯೇ ಹೋದೀತು.

ಎಕ್ಸ್‌ರೇಯಂತೆ ಅಲ್ಟ್ರಾಸೌಂಡ್ ಯಂತ್ರವೂ ಮುರಿತವನ್ನು ತೋರಿಸಬಲ್ಲದು. ಬಸುರಿಯರನ್ನು ಪರೀಕ್ಷಿಸುವ ಯಂತ್ರದ ಜಾತಿಯೇ ಇದು. ಬಾವಿಯಲ್ಲಿ ಕೂಗಿದ ದನಿ ಮರಳುವಂತೆ, ಕಿವಿಗೆ ಕೇಳಿಸದ ಶಬ್ದ ಮೂಳೆಗೆ ತಾಗಿ ಹಿಂದಿರುಗುತ್ತದೆ. ಪರದೆಯ ಮೇಲೆ ಬಿಳಿ ಗೆರೆ ಮೂಡುತ್ತದೆ. ಗೆರೆ ತುಂಡಾಗಿದ್ದರೆ ಮುರಿತವೆಂದು ವೈದ್ಯರು ತಿಳಿಯುತ್ತಾರೆ. ಇದರಲ್ಲಿ ಎಕ್ಸ್‌ರೇ ಕಿರಣಗಳ ಬಳಕೆಯಿಲ್ಲ.

ಆಸ್ಟ್ರೇಲಿಯಾದಲ್ಲಿ ಮುಂಗೈಗೆ ಪೆಟ್ಟಾದ, 5ರಿಂದ 15 ವರ್ಷದ 270 ಮಕ್ಕಳಲ್ಲಿ ಕೆಲವರಿಗೆ ಮೊದಲು ಅಲ್ಟ್ರಾಸೌಂಡ್, ಉಳಿದವರಿಗೆ ಎಕ್ಸ್‌ರೇ ಮಾಡಿ ನೋಡಿದರು. ನಾಲ್ಕು ವಾರಗಳ ಮೇಲೆ ಎರಡೂ ಗುಂಪಿನ ಮಕ್ಕಳ ಕೈ ಸುಮಾರು ಸಮನಾಗಿ ಕೆಲಸ ಮಾಡುತ್ತಿದ್ದವು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು.

ಆದರೆ ಈ ಶಬ್ದ ಮೂಳೆಯ ಒಳಭಾಗವನ್ನು ತೋರಿಸದು. ಸೊಂಟ, ಬೆನ್ನುಮೂಳೆಗೆ ಪೆಟ್ಟಾದರೆ ಇದೊಂದನ್ನೇ ನಂಬಲಾಗದು. ಯಾವ ಪರೀಕ್ಷೆ ಬೇಕೆಂಬುದನ್ನು ವೈದ್ಯರಿಗೆ ಬಿಡಿ.

ನಿಮ್ಮ ಕೆಲಸ ಇಷ್ಟೇ: ಉಜ್ಜಬೇಡಿ, ಎಳೆಯಬೇಡಿ. ಹಲಗೆ ಆನಿಸಿ, ಅಲುಗದಂತೆ ಆದರೆ ಬಿಗಿಯಾಗದಂತೆ ಕಟ್ಟಿ, ಆಸ್ಪತ್ರೆಗೆ ಕರೆದೊಯ್ಯಿರಿ. ಬೆರಳು ತಣ್ಣಗಾದರೆ, ಜೋಮು ಹಿಡಿದರೆ ಒಂದು ಗಳಿಗೆಯೂ ತಡಮಾಡಬೇಡಿ. ದುಡಿಯುವ ಕೈಯೇ ನಮ್ಮ ಆಸ್ತಿ.