ಮಸಾರಿ ಹೊಲ, ಎರಡು ದಿನದ ಹದ

(ಕಟಕೋಳದಲ್ಲಿ ಒಕ್ಕಲಿಗರ ಎದುರು ಮಾಡಿದ ಭಾಷಣ)



ಉಳುವದನ್ನೂ ಬಿತ್ತುವದನ್ನೂ ಒಂದೇ ಸಲಕ್ಕೆ ಮುಗಿಸಲು ಬರುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹೇಳಲು ನನ್ನನ್ನು ಇಲ್ಲಿ ನಿಲ್ಲಿಸಿದ್ದೀರಿ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮಸಾರಿಯಲ್ಲಿ ಬರುತ್ತದೆ, ಎರಿಯಲ್ಲಿ ಬರುವದಿಲ್ಲ. ಹಾಗೆಂದು ಎರಿ ಹೊಲದವರು ಎದ್ದು ಹೋಗಬೇಡಿರಿ. ಬಾಡಿಗೆಯ ಮಾತು ಬಂದಾಗ ನೀವೂ ಬೇಕಾಗುತ್ತೀರಿ.

ರಾಮದುರ್ಗದಿಂದ ಬಾದಾಮಿಯ ವರೆಗಿನ ಗುಡ್ಡಗಳನ್ನು ಭೂಗರ್ಭಶಾಸ್ತ್ರಜ್ಞರು ಕಲಾದಗಿ ಶಿಲೆಗಳೆಂದು ಕರೆಯುತ್ತಾರೆ. ಆ ಮರಳುಗಲ್ಲು ಸವೆದು ಬಿದ್ದದ್ದೇ ನಮ್ಮ ಮಡ್ಡಿ, ನಮ್ಮ ಮಸಾರಿ. ಮಲಪ್ರಭೆಯ ದಂಡೆಗೆ ಇಳಿದರೆ ಎರಿ. ಒಂದು ಇಂಚು ಮಳೆ ಮಸಾರಿಯಲ್ಲಿ ಸುಮಾರು ಒಂದು ಅಡಿ ಆಳಕ್ಕೆ ಇಳಿಯುತ್ತದೆ; ಅದೇ ಮಳೆ ಎರಿಯಲ್ಲಿ ಅರ್ಧ ಅಡಿಯನ್ನೂ ದಾಟಲಿಕ್ಕಿಲ್ಲ. ಇದನ್ನು ಕೇಳಿ ಮಸಾರಿಯವರು ಹಿಗ್ಗಬೇಡಿರಿ. ಆಳಕ್ಕೆ ಇಳಿಯುವದೆಂದರೆ ಅಷ್ಟು ಮಣ್ಣಿನಲ್ಲಿ ನೀರು ತೆಳ್ಳಗೆ ಹಂಚಿಹೋಗಿದೆ ಎಂದೇ ಅರ್ಥ. ರೋಹಿಣಿ, ಮೃಗಶಿರಾ ಮಳೆಯ ಹಿಂದೆಯೇ ಗಾಳಿ ಏಳುತ್ತದೆ. ಎರಡನೆಯ ದಿನಕ್ಕೆ ಮೇಲಿನ ಎರಡು ಬೆರಳು ಬೂದಿಯಾಗುತ್ತದೆ, ಮೂರನೆಯ ದಿನಕ್ಕೆ ಬೀಜ ಬೀಳುವ ಆಳದಲ್ಲಿಯೇ ಹಸಿ ಆರುತ್ತದೆ. ಆ ಹೊತ್ತಿಗೆ ನಾವು ಮಾಡುವದೇನು? ರಂಟೆ ಹೊಡೆದು ಹಸಿಮಣ್ಣನ್ನು ಮೇಲೆ ತಂದು ಬಿಸಿಲಿಗೆ ಹಾಕುತ್ತೇವೆ. ಮತ್ತೆ ಹರಗುತ್ತೇವೆ, ಮತ್ತೊಮ್ಮೆ ಹರಗುತ್ತೇವೆ. ಕೂರಿಗೆ ಹೊಲಕ್ಕೆ ಬರುವಷ್ಟರಲ್ಲಿ ಹದ ಹೋಗಿರುತ್ತದೆ. ಮಳೆರಾಯ ಕೊಟ್ಟದ್ದನ್ನು ಕಬ್ಬಿಣದಿಂದ ನಾವೇ ಕಳೆದುಕೊಳ್ಳುತ್ತೇವೆ.

ಒಂದು ಲೆಕ್ಕ ಹಾಕೋಣ. ಸಾಲೆಯ ಮಕ್ಕಳೂ ಹಾಕಬಹುದಾದ ಲೆಕ್ಕ. ಒಂದು ಎಕರೆ ಎಂದರೆ 43,560 ಚದರ ಅಡಿ. ಅರ್ಧ ಅಡಿ ಅಗಲದ ಸಾಲು ತೆಗೆಯುತ್ತ ಅಷ್ಟು ನೆಲ ಉಳಬೇಕಾದರೆ ಎತ್ತುಗಳೂ ಅವುಗಳ ಹಿಂದಿನ ಮನುಷ್ಯನೂ 87,120 ಅಡಿ, ಅಂದರೆ ಸುಮಾರು 26.5 ಕಿಲೋಮೀಟರ್ ನಡೆಯಬೇಕು. ಮೂರು ಅಡಿ ಅಗಲದ ಕುಂಟೆಯನ್ನು ಎರಡು ಸಲ ಹೊಡೆದರೆ ಸುಮಾರು 9 ಕಿಲೋಮೀಟರ್. ಅಷ್ಟೇ ಅಗಲದ ಕೂರಿಗೆಗೆ 4.4, ಬೀಜ ಮುಚ್ಚುವ ಕುಂಟೆಗೆ ಮತ್ತೆ 4.4. ಒಟ್ಟು 44 ಕಿಲೋಮೀಟರಿನಷ್ಟಾಯಿತು. ಒಂದು ಎಕರೆಗೆ! ನಮ್ಮ ತಂದೆ-ತಾಯಿಗಳು ಬರಿಗಾಲಲ್ಲಿ ನಡೆದ ದಾರಿ ಇದು. ಈಗ ಅನೇಕರ ದಂದಕ್ಕಿಯಲ್ಲಿ ಎತ್ತುಗಳಿಲ್ಲ. ಟ್ರ್ಯಾಕ್ಟರಿಗೆ ಆರು ಅಡಿ ಅಗಲದ ಉಪಕರಣ ಕಟ್ಟಿದರೆ ಒಂದು ಸಲಕ್ಕೆ 2.2 ಕಿಲೋಮೀಟರ್ ಆದೀತು. ಆದರೆ ಟ್ರ್ಯಾಕ್ಟರೂ ಹಳೆಯ ಚಾಳಿ ಬಿಟ್ಟಿಲ್ಲ. ಮೊದಲು ಕಲ್ಟಿವೇಟರ್, ಆಮೇಲೆ ರೋಟಾವೇಟರ್, ಆಮೇಲೆ ಬಿತ್ತುವ ಯಂತ್ರ. ಮೂರು ಸಲ ಎಣ್ಣೆ, ಮೂರು ಸಲ ಬಾಡಿಗೆ, ಮೂರು ಸಲ ಅದರ ಭಾರ ಮೆತ್ತನೆಯ ನೆಲದ ಮೇಲೆ.

ಒಂದೇ ಸಲಕ್ಕೆ ಮುಗಿಸುವ ವಿಚಾರ ಪರದೇಶದಿಂದ ಹಾರಿ ಬಂದದ್ದಲ್ಲ. ಮಸಾರಿಯಲ್ಲಿ ಶೇಂಗಾ ಬಿತ್ತುವಾಗ ನೇಗಿಲ ಹಿಂದೆ ಉಡಿಯಲ್ಲಿ ಬೀಜ ಕಟ್ಟಿಕೊಂಡು ಸಾಲಿಗೆ ಕಾಳು ಬಿಡುತ್ತ ನಡೆದ ತಾಯಂದಿರು ಈ ಸಭೆಯಲ್ಲಿಯೂ ಇರಬಹುದು. ಮುಂದಿನ ಸಾಲಿನ ಮಣ್ಣು ಹಿಂದಿನ ಸಾಲಿನ ಬೀಜವನ್ನು ಮುಚ್ಚುತ್ತಿತ್ತು. ಉಳುಮೆ, ಬಿತ್ತಿಗೆ, ಮುಚ್ಚುವಿಕೆ ಎಲ್ಲವೂ ಒಂದೇ ನಡಿಗೆಯಲ್ಲಿ! ಕೊರತೆ ಏನೆಂದರೆ ಬೀಜದ ಆಳ ಒಂದೇ ಸಮ ಇರುತ್ತಿರಲಿಲ್ಲ, ದಿನಕ್ಕೆ ಆಗುವ ನೆಲವೂ ಕಡಿಮೆ. ಆಳವನ್ನು ಸಮ ಇಡಲು ನಮ್ಮಲ್ಲಿ ಕೂರಿಗೆ ಇತ್ತು. ಇಂಗ್ಲೆಂಡಿನಲ್ಲಿ ಜೆಥ್ರೊ ಟಲ್ ಎಂಬವನು 1701ರ ಸುಮಾರಿಗೆ ಬಿತ್ತುವ ಯಂತ್ರ ಮಾಡಿದನೆಂದು ಪುಸ್ತಕಗಳು ಹೇಳುತ್ತವೆ. ಆದರೆ 1795ರಲ್ಲಿ ಹಾಲ್ಕಾಟ್ ಎಂಬ ಕ್ಯಾಪ್ಟನ್ ದಕ್ಷಿಣ ಭಾರತದ ಕೂರಿಗೆ ಬೇಸಾಯವನ್ನು ಕಂಡು, ಇದು ಇಲ್ಲಿ ಹಿಂದಿನಿಂದಲೂ ಇದೆಯಲ್ಲ ಎಂದು ಬೆರಗಾಗಿ ತನ್ನ ನಾಡಿಗೆ ವರದಿ ಬರೆದ. 1971ರಲ್ಲಿ ಧರ್ಮಪಾಲರು ಆ ಬರಹವನ್ನು ತಮ್ಮ ಗ್ರಂಥದಲ್ಲಿ ಸೇರಿಸಿದರು. ಮೀಸೆ ತಿರುವುವದಕ್ಕಾಗಿ ಇದನ್ನು ಹೇಳುತ್ತಿಲ್ಲ. ಊರಿನ ಬಡಿಗೇರನಿಗೂ ಕಮ್ಮಾರನಿಗೂ ಈ ಕೆಲಸದ ಬುದ್ಧಿ ಇದೆ, ಕಂಪನಿಯ ಬಾಗಿಲಲ್ಲಿಯೇ ನಿಲ್ಲಬೇಕಾಗಿಲ್ಲ ಎಂದು ಹೇಳುತ್ತಿದ್ದೇನೆ.

ಈಗ ಯಂತ್ರದ ಮಾತು. ಯುರೋಪಿನ ಮರಳು ನೆಲಗಳಲ್ಲಿ ನೇಗಿಲ ಹಿಂದೆಯೇ ಉಂಗುರದಂಥ ಭಾರದ ಗಾಲಿಗಳನ್ನು ಕಟ್ಟಿ, ಅದರ ಹಿಂದೆ ಬಿತ್ತುವ ಯಂತ್ರ ಕಟ್ಟುವ ಪದ್ಧತಿ ಇದೆ. ಆ ಗಾಲಿಗಳಲ್ಲಿಯೇ ಗುಟ್ಟು ಇದೆ. ಹಗುರು ಮಣ್ಣನ್ನು ಉತ್ತರೆ ಅದು ಅರಳಿದ ಹತ್ತಿಯಂತೆ ಪೊಳ್ಳಾಗುತ್ತದೆ, ಒಳಗೆ ಗಾಳಿ ಆಡುತ್ತದೆ. ಕೆಳಗಿನ ಹಸಿ ಮೇಲಕ್ಕೆ ಏರಿ ಬೀಜವನ್ನು ಮುಟ್ಟುವದಿಲ್ಲ. ಆದ್ದರಿಂದ ಉತ್ತ ಕೂಡಲೇ ಬೀಜದ ಕೆಳಗಿನ ಮಣ್ಣನ್ನು ಅಮುಕಬೇಕು, ಆಮೇಲೆ ಬೀಜ ಬಿಡಬೇಕು, ಮೇಲೆ ಸಡಿಲು ಮಣ್ಣು ಮುಚ್ಚಬೇಕು. ಎರಿಯಲ್ಲಿ ಇದು ನಡೆಯದು. ಅಲ್ಲಿ ಹೆಂಟೆ ಒಡೆಯಬೇಕಾದರೆ ಬಿಸಿಲು ಕಾಯಬೇಕು, ನೆನೆಯಬೇಕು, ಮತ್ತೆ ಒಣಗಬೇಕು. ಆ ಕೆಲಸವನ್ನು ಕಾಲವೇ ಮಾಡುತ್ತದೆ. ಹಸಿ ಎರಿಯನ್ನು ಉತ್ತು ಅಮುಕಿದರೆ ಇಟ್ಟಂಗಿ ಬಂದೀತು. ಎರಿಯ ಒಕ್ಕಲಿಗರು ರಂಟೆಯನ್ನು ಕೆಲವು ವರ್ಷಕ್ಕೊಮ್ಮೆ ಹೊಡೆದು, ಉಳಿದ ವರ್ಷ ಬರೇ ಹರಗುವದು ಸೋಮಾರಿತನವಲ್ಲ, ತಿಳುವಳಿಕೆ.

ನಮ್ಮ ದೇಶದಲ್ಲಿ ಪಂತನಗರದ ಕೃಷಿ ವಿಶ್ವವಿದ್ಯಾಲಯದವರು 1991ರಲ್ಲಿ ಉಳದೇ ಬಿತ್ತುವ ಯಂತ್ರವೊಂದನ್ನು ಮಾಡಿದರು. ಅದು ಭತ್ತ ಕೊಯ್ದ ಮೇಲೆ ಗೋದಿಯನ್ನು ಬೇಗ ಬಿತ್ತುವದಕ್ಕೆ, ಗಂಗೆಯ ಬಯಲಿಗೆ ಹೊಂದುವಂಥದು. ರೋಟಾವೇಟರಿನ ಬೆನ್ನಿಗೆ ಬೀಜದ ಪೆಟ್ಟಿಗೆ ಕೂಡಿಸಿದ ಯಂತ್ರಗಳೂ ಬಂದಿವೆ. ನಾನು ಅಂಥದನ್ನು ಬಾಡಿಗೆಗೆ ತರಿಸಿ ಎರಡು ಎಕರೆ ಮಸಾರಿಯಲ್ಲಿ ಸಜ್ಜೆ ಬಿತ್ತಿಸಿ ಕೈ ಸುಟ್ಟುಕೊಂಡವನು. ಮಣ್ಣು ಹಿಟ್ಟಿನಂತೆ ನುಣ್ಣಗಾಯಿತು, ನೋಡಲು ಬಲು ಚಂದ. ಮೂರನೆಯ ದಿನ ರಪರಪನೆ ಮಳೆ ಬಿತ್ತು, ನಾಲ್ಕನೆಯ ದಿನ ಬಿಸಿಲು. ಮೇಲೆ ರೊಟ್ಟಿಯಂತೆ ಪದರು ಕಟ್ಟಿತು. ಕೆದರಿ ನೋಡಿದರೆ ಮೊಳಕೆಗಳು ಒಳಗೇ ಮಡಚಿಕೊಂಡು ಹಳದಿಯಾಗಿದ್ದವು. ಮತ್ತೆ ಬೀಜ ಕೊಂಡೆ, ಮತ್ತೆ ಬಾಡಿಗೆ ಕೊಟ್ಟೆ. ತಪ್ಪು ಯಂತ್ರದ್ದಷ್ಟೇ ಅಲ್ಲ, ನನ್ನದೂ ಅಹುದು. ನುಣ್ಣಗಿದ್ದರೆ ಒಳ್ಳೆಯದೆಂದು ತಿಳಿದಿದ್ದೆ. ಮಸಾರಿಗೆ ಬೇಕಾದದ್ದು ಮಣ್ಣನ್ನು ಪುಡಿ ಮಾಡುವ ಯಂತ್ರವಲ್ಲ. ಮುಂದೆ ಸೀಳುವ ತಾಳುಗಳು, ಹಿಂದೆ ಅಮುಕುವ ಗಾಲಿ, ಅದರ ಹಿಂದೆ ಬೀಜದ ಕೊಳವೆ. ಸಣ್ಣ ಸಣ್ಣ ಹೆಂಟೆ ಮೇಲೆ ಉಳಿಯಲಿ, ಪದರು ಕಟ್ಟುವದಿಲ್ಲ.

ಇನ್ನೂ ಒಂದೆರಡು ಎಚ್ಚರಿಕೆ. ಕರಕಿ, ಜೇಕು ತುಂಬಿದ ಹೊಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿರಿ. ಮೊದಲು ಬೇಸಿಗೆಯ ಉಳುಮೆಯಿಂದ ಬೇರು ಒಣಗಿಸಿರಿ. ಗೊಬ್ಬರ ಬೀಜಕ್ಕೆ ತಾಗಬಾರದು, ಹಸಿ ಕಡಿಮೆ ಇರುವ ಮಣ್ಣಿನಲ್ಲಿ ಮೊಳಕೆ ಸುಟ್ಟುಹೋದೀತು. ಶೇಂಗಾ ಎರಡು ಇಂಚು ಆಳ ತಾಳುತ್ತದೆ, ಸಜ್ಜೆ ಒಂದು ಇಂಚಿಗಿಂತ ಹೆಚ್ಚು ತಾಳದು.

ಈಗ ಎರಿಯವರೂ ಕಿವಿಗೊಡಿರಿ. ಒಂದೇ ಸಲಕ್ಕೆ ಕೆಲಸ ಮುಗಿಸುವದು ಯಾರಿಗೆ ಬೇಡ? ತಾಸಿನ ಲೆಕ್ಕದಲ್ಲಿ ಬಾಡಿಗೆ ಎಣಿಸುವವನಿಗೆ. ಮೂರು ಸಲ ಹೊಡೆದರೆ ಅವನಿಗೆ ಮೂರು ಪಾಲು ಹಣ. ಹದ ಇರುವ ಎರಡೇ ದಿನದಲ್ಲಿ ಅವನ ಟ್ರ್ಯಾಕ್ಟರ್ ಮೊದಲು ಹೋಗುವದು ಇಪ್ಪತ್ತು ಎಕರೆಯವನ ಹೊಲಕ್ಕೆ, ಕೊನೆಗೆ ಎರಡು ಎಕರೆಯವನ ಹೊಲಕ್ಕೆ. 1948ರ ಮುಂಬಯಿ ಕಾಯದೆಯಿಂದ, ಆಮೇಲೆ 1974ರ ತಿದ್ದುಪಡಿಯಿಂದ ಉಳುವವನಿಗೆ ನೆಲ ಬಂತು ಎನ್ನುತ್ತೇವೆ. ಎಷ್ಟು ಬಂತೆಂಬುದು ಬೇರೆ ಚರ್ಚೆ. ನೆಲ ಬಂದವನಿಗೆ ಹದ ಸಿಗದಿದ್ದರೆ ಆ ನೆಲದಿಂದ ಏನು ಪ್ರಯೋಜನ? ಸರಕಾರ 2014-15ರಿಂದ ಕೃಷಿ ಯಂತ್ರಧಾರೆಯೆಂದು ಹೋಬಳಿಗಳಲ್ಲಿ ಬಾಡಿಗೆ ಕೇಂದ್ರಗಳನ್ನು ತೆರೆಯಿತು. ಒಳ್ಳೆಯ ಹೆಜ್ಜೆಯೇ. ಆದರೆ ಪಾಳಿ ಯಾರದೆಂದು ಯಾರು ಗೊತ್ತುಮಾಡಬೇಕು? ನನ್ನ ಮಟ್ಟಿಗೆ ಆ ಅಧಿಕಾರ ಊರಿನ ಸಹಕಾರಿ ಸಂಘದಲ್ಲಿರಬೇಕು. ಬಾಡಿಗೆ ತಾಸಿಗಲ್ಲ, ಎಕರೆಗೆ ಇರಬೇಕು. ಸಣ್ಣ ಹಿಡುವಳಿಯವನ ಪಾಳಿ ಮೊದಲು ಬರಬೇಕು. 1905ರಲ್ಲಿ ನಮ್ಮ ನೆರೆಯ ಗದಗಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗ ಒಕ್ಕಲಿಗ ಸಾವಕಾರನ ಮನೆ ಬಾಗಿಲಿಗೆ ಹೋಗುವದನ್ನು ತಪ್ಪಿಸುವದೇ ಉದ್ದೇಶವಾಗಿತ್ತು. ಟ್ರ್ಯಾಕ್ಟರಿನ ಬಾಗಿಲೂ ಅಂಥದೇ ಒಂದು ಬಾಗಿಲು.

ಅಲ್ಲಿ ಹಿಂದೆ ಕುಳಿತ ಅಕ್ಕ ಒಬ್ಬರು ಆಗಲೇ ಕೇಳಿದರು: ಕೂರಿಗೆ ಬಟ್ಟಲಿಗೆ ಬೀಜ ಬಿಡುವ ನಮ್ಮ ಕೂಲಿ ಹೋಯಿತಲ್ಲ? ಹೋಗುತ್ತದೆ, ಅಕ್ಕಾ, ಸುಳ್ಳು ಹೇಳುವದಿಲ್ಲ. ಬಿತ್ತಿಗೆಯ ಎರಡು ದಿನದ ಕೂಲಿ ಹೋದೀತು. ಹದಕ್ಕೆ ಬಿತ್ತಿದ ಹೊಲದಲ್ಲಿ ಕಳೆ ತೆಗೆಯಲು, ಶೇಂಗಾ ಕೀಳಲು ಕೆಲಸ ನಿಲ್ಲುತ್ತದೆ. ಬಿತ್ತಿಗೆ ಕೆಟ್ಟ ಹೊಲದಲ್ಲಿ ಅದೂ ಇರುವದಿಲ್ಲ. ಆದರೆ ಇದರಿಂದ ನಿಮ್ಮ ಪ್ರಶ್ನೆ ಮುಗಿಯಲಿಲ್ಲವೆಂದು ನನಗೆ ಗೊತ್ತು. ಯಂತ್ರ ಸಂಘದ್ದಾದರೆ ಅದರ ಗಳಿಕೆಯಲ್ಲಿ ಕೂಲಿಕಾರರ ಪಾಲೆಷ್ಟು ಎಂದು ಸಂಘದ ಸಭೆಯಲ್ಲಿ ನೀವೇ ಎದ್ದು ಕೇಳಬೇಕು, ನಾವು ನಿಮ್ಮ ಹಿಂದೆ ನಿಲ್ಲಬೇಕು.

ಮುಂದಿನ ರೋಹಿಣಿಗೆ ಇಡೀ ಹೊಲ ಬೇಡ, ಅರ್ಧ ಎಕರೆ ಸಾಕು. ಅದರ ಪಕ್ಕಕ್ಕೆ ಅಷ್ಟೇ ನೆಲವನ್ನು ಹಳೆಯ ರೀತಿಯಲ್ಲಿ ಬಿತ್ತಿರಿ. ಎಂಟನೆಯ ದಿನ ಎರಡರಲ್ಲಿಯೂ ಹತ್ತು ಮಾರು ಸಾಲಿನ ಮೊಳಕೆ ಎಣಿಸಿರಿ, ಎರಡಕ್ಕೂ ಖರ್ಚಾದ ಬಾಡಿಗೆ ಬರೆದಿಡಿರಿ. ಆ ಚೀಟಿ ಹಿಡಿದುಕೊಂಡು ಇದೇ ಜಾಗದಲ್ಲಿ ಮತ್ತೆ ಕೂಡೋಣ. ಈಗ ಪ್ರಶ್ನೆಗಳಿದ್ದರೆ ಕೇಳಿರಿ.